ದೊರೆಯ ಉದಾಹರಣೆ

ಚಿಕಿತ್ಸಾಲಯದ ಹಿಂದಿನ ಕೋಣೆ
ಮಾರ್ಚ್ ಹತ್ತೊಂಬತ್ತು, ಗುರುವಾರ ಮಧ್ಯಾಹ್ನ

ಮೇಷ್ಟ್ರೇ,

ನಿಮ್ಮ ಪತ್ರ ಕಳೆದ ಶುಕ್ರವಾರವೇ ಕೈ ಸೇರಿತು. ಹದಿನಾಲ್ಕು ಪುಟ, ನಾಲ್ಕು ಉಪಶೀರ್ಷಿಕೆ, ಒಂಬತ್ತು ಅಡಿಟಿಪ್ಪಣಿ. ನನ್ನನ್ನು ಸಾಯಿಸು ಎಂದು ಹೆಂಡತಿಗೆ ಬರೆಯುವ ಪತ್ರಕ್ಕೆ ಅಡಿಟಿಪ್ಪಣಿ ಹಾಕಿದ ಗಂಡಸು ಲೋಕದಲ್ಲಿ ನೀವೊಬ್ಬರೇ ಇರಬೇಕು, ಪುಣ್ಯಾತ್ಮ. ಓದುವಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅದಾದ ಮೇಲೆ ಏನು ಬಂತು ಎಂದು ಬರೆಯಲು ಹೋದರೆ ಈ ಹಾಳೆ ಸಾಲದು. ಒಂದೇ ಬೆರಳಿನಲ್ಲಿ ಹದಿನೇಳು ದಿನ ಟೈಪ್ ಮಾಡಿದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅದು ಹೆಮ್ಮೆಯೋ ದೂರೋ ನನಗೆ ಗೊತ್ತಾಗಲಿಲ್ಲ.

ಮೊದಲೇ ಒಂದು ಮಾತು. ಹಾಳೆ ತಿರುಗಿಸಿಕೊಡಲು ಮಾತ್ರ ಆರೈಕೆಯವಳಿಗೆ ಹೇಳಿ, ಗಟ್ಟಿಯಾಗಿ ಓದಲು ಹೇಳಬೇಡಿ. ಮಗಳಿಗೂ ನಾನು ಏನೂ ಹೇಳಿಲ್ಲ. ಇದು ನಮ್ಮಿಬ್ಬರದು.

ನೀವು ಕೇಳಿದ್ದನ್ನು ನನ್ನ ಮಾತಿನಲ್ಲಿ ಬರೆದುಕೊಳ್ಳುತ್ತೇನೆ, ತಪ್ಪಿದ್ದರೆ ತಿದ್ದಿ. ಎರಡು ವರ್ಷದ ಹಿಂದೆ ಎಡಗಾಲಿನಲ್ಲಿ ಶುರುವಾದ ನರಗಳ ಕಾಯಿಲೆ ಈಗ ಬಲಗೈಯ ಒಂದು ಬೆರಳು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಕೊಂಡಿದೆ. ನುಂಗುವುದು ಕಷ್ಟವಾಗಿದೆ. ಮಾತು ಇನ್ನೂ ಇದೆ; ನಿಮ್ಮಲ್ಲಿ ಅದು ಕೊನೆಗೇ ಹೋಗುವುದೆಂದು ನನಗೆ ಮೊದಲೇ ಗೊತ್ತಿತ್ತು. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ನನ್ನ ಬೀರುವಿನಲ್ಲಿ ಪ್ರಾಣಿಗಳಿಗೆ ಕೊಡುವ ಔಷಧಿ ಇದೆ, ವಾರಕ್ಕೆರಡು ಸಲ ಅದನ್ನು ಕೊಟ್ಟು ಅಭ್ಯಾಸವಿರುವ ಕೈಯಿದೆ. ಆ ಕೈ ನಿಮಗೆ ಒಂದು ದಿನದ ಮಟ್ಟಿಗೆ ಬೇಕು. ಇಷ್ಟೇ ತಾನೆ? ಮೂವತ್ತು ವರ್ಷ ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳಿಕೊಟ್ಟವರಿಗೆ ಇಷ್ಟು ಹೇಳಲು ಹದಿನಾಲ್ಕು ಪುಟ ಬೇಕಾಯಿತು.

ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದರೂ ನಿಮ್ಮ ಪುಸ್ತಕಗಳ ಧೂಳು ಹೊಡೆದದ್ದು ಬಿಟ್ಟರೆ ಒಂದನ್ನೂ ನಾನು ಬಿಡಿಸಿ ನೋಡಿದವಳಲ್ಲ. ಈ ಪತ್ರ ಬಂದ ಮೇಲೆ ಓದುವುದೇ ಕೆಲಸವಾಗಿದೆ. ಗ್ರಂಥಾಲಯದಿಂದ ಮೂರು ದಪ್ಪ ಪುಸ್ತಕ ತಂದುಕೊಂಡೆ. ಒಂದು ಕೈಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಪುಸ್ತಕ. ನಮ್ಮ ಕಂಪೌಂಡರಮ್ಮ ನೋಡಿ, ಏನ್ ಡಾಕ್ಟ್ರೇ, ಈ ವಯಸ್ಸಲ್ಲಿ ಯಾವ ಪರೀಕ್ಷೆಗೆ ಕೂತ್ಕೊಂಡ್ರಿ ಅಂತ ಕೇಳಿದಳು. ಫೇಲಾದ ಪರೀಕ್ಷೇನೇ ಇನ್ನೊಂದ್ಸಲ ಕಟ್ಟಿದೀನಿ ಕಣಮ್ಮ ಅಂದೆ. ಸತ್ಯ ಹೇಳುತ್ತೇನೆ ರೀ, ನನಗೆ ಈ ಓದು ರುಚಿ ಹತ್ತಿಬಿಟ್ಟಿದೆ. ಇಷ್ಟು ಮಜವಾದ ವಿಷಯವನ್ನು ಊಟದ ಮೇಜಿನ ಮುಂದೆ ಅಷ್ಟು ಬೇಜಾರಾಗುವ ಹಾಗೆ ನೀವು ಹೇಗೆ ಹೇಳುತ್ತಿದ್ದಿರಿ ಎಂಬುದೇ ಆಶ್ಚರ್ಯ.

ನಿಮ್ಮ ಮೊದಲನೇ ಉಪಶೀರ್ಷಿಕೆ ಪರಿಣಾಮದವರದು. ಒಂದು ಕೆಲಸದಿಂದ ಲೋಕದಲ್ಲಿ ನೋವು ಕಡಿಮೆಯಾದರೆ ಅದು ಒಳ್ಳೆಯ ಕೆಲಸ. ನನಗೆ ಮುಂದೆ ಇರುವುದು ನೋವೇ ಹೊರತು ಸುಖವಲ್ಲ, ಹಾಗಾಗಿ ದಯಾಮರಣವೇ ಸರಿ ಎಂದು ಎರಡು ಪುಟದಲ್ಲಿ ಮುಗಿಸಿದ್ದೀರಿ. ಈ ಸಿದ್ಧಾಂತ ನನಗೆ ಪರಿಚಯದ್ದೇ, ಹೆಸರು ಮಾತ್ರ ಗೊತ್ತಿರಲಿಲ್ಲ. ನಮ್ಮ ಕೆಲಸವೆಲ್ಲ ನಡೆಯುವುದು ಇದರ ಮೇಲೆಯೇ. ಆದರೆ ಕೇಳಿ. ಹೋದ ವರ್ಷ ಗಂಡಹೆಂಡತಿ ಇಬ್ಬರು ಮೂರು ವರ್ಷದ ಗಟ್ಟಿಮುಟ್ಟಾದ ನಾಯಿಯನ್ನು ತಂದರು. ಮನೆ ಬದಲಾಯಿಸ್ತಿದ್ದೀವಿ, ಅಲ್ಲಿ ಇದಕ್ಕೆ ಜಾಗ ಇಲ್ಲ, ಬೇರೆಯವರ ಹತ್ರ ಬಿಟ್ರೆ ಕೊರಗುತ್ತೆ, ಐದು ನಿಮಿಷದಲ್ಲಿ ನೋವಿಲ್ದೆ ಮುಗಿಸಿಬಿಡಿ ಅಂದರು. ಅವರ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ, ಲೆಕ್ಕ ಹಾಕಲು ಕೂತವರು ಅವರು, ನಾಯಿಯಲ್ಲ, ಅಷ್ಟೇ. ನಾನು ನಾಯಿಯನ್ನು ಇಟ್ಟುಕೊಂಡು ಅವರನ್ನು ಬಾಗಿಲ ಹೊರಗೆ ಹಾಕಿದೆ. ಅದು ಈಗ ಮೇಜಿನಡಿಯಲ್ಲಿ ನನ್ನ ಚಪ್ಪಲಿ ಕಡಿಯುತ್ತಿದೆ.

ನೀವು ಮೂಗು ಮುರಿಯುವುದು ನನಗೆ ಇಲ್ಲಿಗೇ ಕಾಣುತ್ತದೆ. ನನ್ನ ನೋವನ್ನು ನಾನೇ ಅಳೆಯುತ್ತಿದ್ದೇನೆ, ಬೇರೆ ಯಾರೂ ಅಲ್ಲ, ಎನ್ನುತ್ತೀರಿ. ಸರಿ. ಮಂಗಳವಾರ ನಮ್ಮ ಬೀದಿಯ ದರ್ಜಿ ತನ್ನ ಮುದಿ ಬೆಕ್ಕನ್ನು ತಂದಿದ್ದ. ಹೊಟ್ಟೆಯಲ್ಲಿ ಗಡ್ಡೆ. ನೋವು ಎಷ್ಟಿದೆ ಅನ್ಸುತ್ತೆ ಅಂತ ಕೇಳಿದೆ. ಬೆಳಿಗ್ಗೆ ಕೇಳಿದ್ರೆ ಒಂದು ಹೇಳ್ತೀನಿ, ಸಾಯಂಕಾಲ ಕೇಳಿದ್ರೆ ಇನ್ನೊಂದು ಹೇಳ್ತೀನಿ, ಯಾವುದನ್ನ ಬರ್ಕೊಳ್ತೀರಿ ಡಾಕ್ಟ್ರೇ ಅಂದ. ನಾನು ಪೆನ್ನು ಕೆಳಗಿಟ್ಟೆ. ಆ ಮಧ್ಯಾಹ್ನ ನಿಮ್ಮ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಒಂದು, ನಾಲ್ಕು, ಒಂಬತ್ತನೇ ಪುಟಗಳಲ್ಲಿ ತಪ್ಪಕ್ಷರವೇ ಇಲ್ಲ, ನಡುನಡುವೆ ತಮಾಷೆಯೂ ಇದೆ. ಆರು ಮತ್ತು ಹನ್ನೊಂದರಲ್ಲಿ ಸಾಲಿಗೆ ನಾಲ್ಕು ತಪ್ಪು, ಸಾಯಬೇಕೆಂಬ ಮಾತು ಬರುವುದೂ ಅಲ್ಲೇ. ಬೆರಳು ದಣಿದ ಹೊತ್ತಿನಲ್ಲಿ ಬರೆದ ಪುಟಗಳು ಅವು, ಅಲ್ಲವೇ? ಎರಡೂ ಹೊತ್ತಿನ ಮೇಷ್ಟ್ರು ನೀವೇ. ಯಾರ ಮಾತು ಕೇಳಲಿ?

ಎರಡನೆಯದು ಕರ್ತವ್ಯದವರದು. ಇದು ನನಗೆ ಬಹಳ ಹಿಡಿಸಿತು. ಮನುಷ್ಯನನ್ನು ಯಾವತ್ತೂ ಬರೀ ಸಾಧನವಾಗಿ ಬಳಸಬಾರದು, ಅವನಲ್ಲಿರುವ ವಿವೇಕಕ್ಕೆ ಗೌರವ ಕೊಡಬೇಕು. ವಿವೇಕಿಯಾದ ನಾನೇ ಬೇಡುತ್ತಿರುವಾಗ ಕೊಡದಿದ್ದರೆ ನನಗೆ ಅಗೌರವ ಎಂದು ನಿಮ್ಮ ವಾದ. ನಾನು ತಂದ ಎರಡನೇ ಪುಸ್ತಕದಲ್ಲಿ ಅದೇ ತತ್ವ ಹಿಡಿದುಕೊಂಡು ಇನ್ನೊಬ್ಬರು ಬೇರೆ ಹೇಳಿದ್ದಾರೆ. ನೋವು ತಪ್ಪಿಸಿಕೊಳ್ಳಲೆಂದು ತನ್ನನ್ನೇ ಇಲ್ಲವಾಗಿಸಿಕೊಳ್ಳುವವನು ತನ್ನನ್ನೇ ಸಾಧನವಾಗಿ ಬಳಸಿದಂತಾಯಿತು, ಅದು ಕೂಡದು ಎಂದು. ಒಂದೇ ತತ್ವ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ! ನೀವು ಒಂದು ಕಡೆಯದ್ದನ್ನು ಮಾತ್ರ ಬರೆದು ಇನ್ನೊಂದನ್ನು ಮೆಲ್ಲಗೆ ನುಂಗಿದ್ದೀರಿ. ವಿದ್ಯಾರ್ಥಿಗಳು ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಏನು ಗೀಚುತ್ತಿದ್ದಿರಿ ಎಂದು ನನಗೆ ಗೊತ್ತು.

ಮೂರನೆಯದು ಉದ್ದೇಶದ ಮಾತು. ನೋವು ಕಡಿಮೆ ಮಾಡಲು ಕೊಟ್ಟ ಔಷಧಿಯಿಂದ ಆಯಸ್ಸು ಕಡಿಮೆಯಾದರೆ ಅದು ಬೇರೆ, ಸಾಯಲಿ ಎಂದೇ ಕೊಟ್ಟರೆ ಅದು ಬೇರೆ ಎಂದು ಕೆಲವರು ವಾದಿಸುತ್ತಾರೆ. ಅದೇ ಕೈ, ಅದೇ ಸೂಜಿ, ಸತ್ತವನಿಗೆ ಏನು ವ್ಯತ್ಯಾಸ ಎಂದು ನೀವು ಲೇವಡಿ ಮಾಡಿದ್ದೀರಿ. ಮೊದಲು ನನಗೂ ಹಾಗೇ ಅನ್ನಿಸಿತು. ನಿನ್ನೆ ದೊಡ್ಡಾಸ್ಪತ್ರೆಯ ನೋವು ಶಮನ ವಿಭಾಗದ ವೈದ್ಯೆಯನ್ನು ಹೋಗಿ ಕಂಡೆ. ಯಾರ ವಿಷಯ ಎಂದು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ವ್ಯತ್ಯಾಸ ಸತ್ತವರಿಗಲ್ಲ, ಮಾರನೇ ದಿನ ಇನ್ನೊಬ್ಬ ರೋಗಿ ಹತ್ರ ಹೋಗೋ ನನಗೆ ಬೇಕು ಅಂದರು. ಬಾಯಿಗೆ ನಳಿಗೆ ಹಾಕಬೇಡಿ, ಯಂತ್ರ ಹಚ್ಚಬೇಡಿ ಎಂದು ಹೇಳುವುದು ರೋಗಿಯ ಹಕ್ಕು, ಅದನ್ನು ನಾನು ತಲೆಬಾಗಿ ಕೇಳ್ತೀನಿ, ಕೊಲ್ಲು ಅಂದ್ರೆ ಮಾತ್ರ ಕೈ ಬರಲ್ಲ ಅಂದರು. ಸಾಯಲು ಬಿಡುವುದಕ್ಕೂ ಕೊಲ್ಲುವುದಕ್ಕೂ ನಿಜವಾಗಿ ಅಷ್ಟು ಅಂತರ ಇದೆಯೇ? ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ನೀವು ಎದುರಿಗಿದ್ದರೆ ಈ ಒಂದು ವಿಷಯಕ್ಕೆ ನಾಲ್ಕು ಗಂಟೆ ಜಗಳವಾಡಬಹುದಿತ್ತು.

ನಾಲ್ಕನೆಯದು ಸದ್ಗುಣ. ನಿಯಮ ಬಿಡು, ಒಳ್ಳೆಯ ಹೆಂಗಸೊಬ್ಬಳು ಈ ಜಾಗದಲ್ಲಿದ್ದರೆ ಏನು ಮಾಡುತ್ತಾಳೆ ಎಂದು ಕೇಳು, ನಿನ್ನಷ್ಟು ಕರುಣೆ, ನಿನ್ನಷ್ಟು ಧೈರ್ಯ ನಾನು ಯಾರಲ್ಲೂ ಕಂಡಿಲ್ಲ ಎಂದು ಬರೆದಿದ್ದೀರಿ. ಆಹಾ! ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಸೂಪಿಗೆ ಉಪ್ಪು ಸರಿಯಾಗಿದೆ ಎಂದು ಒಂದು ದಿನ ಹೇಳಿದವರಲ್ಲ ನೀವು. ಹೊಗಳಿಕೆ ಯಾವ ಕೆಲಸಕ್ಕೆ ಬಂತು ನೋಡಿ. ಓದಿ ಕಣ್ಣು ತುಂಬಿತು ಎಂಬುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ನೀವು ಬರೆಯದೇ ಬಿಟ್ಟ ಐದನೆಯದೊಂದು ನನ್ನ ಮೂರನೇ ಪುಸ್ತಕದಲ್ಲಿದೆ. ಕಾಳಜಿಯ ನೀತಿ. ಯಾವುದು ಸರಿ ಎಂದು ಕೇಳುವ ಮೊದಲು ಇಲ್ಲಿ ಯಾರಿಗೆ ಯಾರಿದ್ದಾರೆ, ಯಾರು ಯಾರ ಮೇಲೆ ಒರಗಿದ್ದಾರೆ, ಆಮೇಲೆ ಉಳಿಯುವವರು ಯಾರು ಎಂದು ಕೇಳುತ್ತದೆ. ಅದು ಸಿದ್ಧಾಂತವಲ್ಲ, ಬರೀ ಸ್ವಭಾವ ಎಂದು ನೀವೊಮ್ಮೆ ಯಾರಿಗೋ ಫೋನಿನಲ್ಲಿ ಹೇಳಿದ್ದು ನನಗೆ ನೆನಪಿದೆ. ಅದನ್ನು ಬಿಟ್ಟಿದ್ದಕ್ಕೇ ನಿಮ್ಮ ಹದಿನಾಲ್ಕು ಪುಟದಲ್ಲಿ ಮಗಳ ಹೆಸರು ಒಂದು ಸಲವೂ ಬಂದಿಲ್ಲ. ನನ್ನ ಕೈ ಬಂದಿದೆ, ಕೈಯ ಹಿಂದೆ ಇರುವವಳು ಬಂದಿಲ್ಲ. ಹದಿನೈದು ನಿಮಿಷದಲ್ಲಿ ನಿಮ್ಮದು ಮುಗಿಯುತ್ತದೆ, ಸರಿ. ಹದಿನಾರನೇ ನಿಮಿಷದಲ್ಲಿ ನಾನು ಏನು ಮಾಡಬೇಕು ಎಂದು ಯಾವ ಅಡಿಟಿಪ್ಪಣಿಯಲ್ಲೂ ಇಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸುತ್ತಿ ಬಳಸಿ ಇಷ್ಟು ಹೊತ್ತು ತಳ್ಳಿದೆ.

ನಿಮ್ಮ ಪತ್ರದ ಕೊನೇ ಸಾಲು ಹೀಗಿದೆ: ದೊರೆಗೆ ಮಾಡಿದ ಉಪಕಾರವನ್ನು ನನಗೂ ಮಾಡು. ನಮ್ಮ ದೊರೆ, ಹದಿಮೂರು ವರ್ಷ ನಿಮ್ಮ ಕುರ್ಚಿಯ ಪಕ್ಕವೇ ಬಿದ್ದುಕೊಂಡಿದ್ದ ನಾಯಿ. ಅವನು ಹೋಗಿ ಹನ್ನೊಂದು ವರ್ಷವಾಯಿತು. ಆಮೇಲೆ ಪ್ರತಿ ವರ್ಷ ನೀವು ತರಗತಿಯಲ್ಲಿ ಅವನ ಉದಾಹರಣೆ ಕೊಡುತ್ತಿದ್ದಿರಂತೆ. ಪರಿಣಾಮ ನೋಡಿ, ಕರ್ತವ್ಯ ನೋಡಿ, ಉದ್ದೇಶ ನೋಡಿ, ಕರುಣೆ ನೋಡಿ, ನಾಲ್ಕೂ ಕಡೆಯಿಂದ ಸರಿಯಾದ ಒಂದೇ ಒಂದು ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮಾಡಿದವಳು ನನ್ನ ಹೆಂಡತಿ ಎಂದು ಹೇಳುತ್ತಿದ್ದಿರಂತೆ. ನಿಮ್ಮ ವಿದ್ಯಾರ್ಥಿಯೊಬ್ಬಳು ಇಲ್ಲಿಗೆ ಮೊಲ ತಂದಾಗ ಇದನ್ನು ಹೇಳಿದಳು. ನಾನು ಮೊಲದ ಕಿವಿ ನೋಡುವ ನೆಪದಲ್ಲಿ ಮುಖ ತಗ್ಗಿಸಿದೆ.

ಇಲ್ಲಿ ನನ್ನದೊಂದು ಪದ್ಧತಿ ಇದೆ. ಎಂಥ ಪ್ರಾಣಿಯೇ ಆಗಲಿ, ಇನ್ನೇನು ಉಸಿರು ಹೋಗುವ ಹಾಗಿದ್ದರೂ, ಸೂಜಿ ಹಾಕುವ ಮೊದಲು ನಾನು ಅದರ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡುತ್ತೇನೆ. ನಾಲಿಗೆ ಕೆಳಗೆ, ಒಸಡು, ಮೇಲಿನ ಅಂಗುಳ, ಹಿಂದಿನ ಹಲ್ಲು. ಬಸ್ಸಿನಡಿ ಸಿಕ್ಕ ನಾಯಿಗೂ ನೋಡಿದ್ದೇನೆ. ಕಂಪೌಂಡರಮ್ಮ ತಡೆಯಲಾರದೆ ಒಮ್ಮೆ, ಸೊಂಟ ಮುರಿದಿದ್ದಕ್ಕೆ ಬಾಯಲ್ಲೇನು ಹುಡುಕ್ತೀರಿ ಡಾಕ್ಟ್ರೇ ಅಂದಳು. ಅದು ನನ್ನ ಹುಚ್ಚು ಕಣಮ್ಮ, ಟಾರ್ಚು ಹಿಡಿ ಅಂದೆ. ಈ ಹುಚ್ಚು ಶುರುವಾಗಿ ಹನ್ನೊಂದು ವರ್ಷ.

ಆ ದಿನಗಳು ನಿಮಗೆ ನೆನಪಿರಬೇಕು. ದೊರೆ ಊಟ ಬಿಟ್ಟ. ಜೊಲ್ಲು ಸುರಿಸುತ್ತಿದ್ದ, ಪಂಜದಿಂದ ಮುಖ ಉಜ್ಜಿಕೊಳ್ಳುತ್ತಿದ್ದ, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅವನ ಮೂತ್ರಪಿಂಡ ಮೊದಲೇ ಸರಿಯಿರಲಿಲ್ಲ, ರಕ್ತಪರೀಕ್ಷೆಯಲ್ಲಿ ಇನ್ನಷ್ಟು ಕೆಟ್ಟದ್ದು ಕಂಡಿತು. ಬಾಯಿ ತೆರೆಯಲು ಹೋದರೆ ಗುರ್ ಎಂದ. ಬೇರೆಯವರ ನಾಯಿಯಾಗಿದ್ದರೆ ಮಂಪರು ಬರಿಸಿಯಾದರೂ ನೋಡುತ್ತಿದ್ದೆ. ನಮ್ಮ ದೊರೆ, ಅವನನ್ನು ಯಾಕೆ ಇನ್ನಷ್ಟು ಗೋಳುಹುಯ್ದುಕೊಳ್ಳಲಿ, ಮೂತ್ರಪಿಂಡವೇ ಎಂದು ನನಗೆ ಗೊತ್ತಿಲ್ಲವೇ ಎಂದುಕೊಂಡೆ. ನೀವು ಪಕ್ಕದಲ್ಲಿ ಕೂತು, ಅವನು ನರಳುತ್ತಿದ್ದಾನೆ, ನಮಗಾಗಿ ಅವನನ್ನು ಇಟ್ಟುಕೊಳ್ಳುವುದು ಸ್ವಾರ್ಥ ಎಂದಿರಿ. ಅಡುಗೆಮನೆಯ ಚಾಪೆಯ ಮೇಲೆ ನಾನು ಸೂಜಿ ಹಾಕಿದೆ. ನೀವು ಅವನ ತಲೆ ಹಿಡಿದಿದ್ದಿರಿ.

ಆಮೇಲೆ ನೀವು ಮಗಳಿಗೆ ಫೋನ್ ಮಾಡಲು ಹೊರಗೆ ಹೋದಿರಿ. ನಾನು ಅವನ ಬಾಯಿ ಮುಚ್ಚೋಣವೆಂದು ದವಡೆ ಹಿಡಿದೆ. ಮುಚ್ಚಲಿಲ್ಲ. ಒಳಗೆ ಬೆರಳು ಹಾಕಿದೆ. ಮೇಲಿನ ಅಂಗುಳದಲ್ಲಿ, ಎರಡು ಕಡೆಯ ಹಿಂದಿನ ಹಲ್ಲುಗಳ ನಡುವೆ, ಅಡ್ಡಲಾಗಿ ಒಂದು ಮೂಳೆ ಚೂರು ಸಿಕ್ಕಿಕೊಂಡಿತ್ತು. ಕಿರುಬೆರಳಿನ ಅರ್ಧದಷ್ಟು. ತಿರುಗಿಸಿದೆ, ಬಂದುಬಿಟ್ಟಿತು. ಅಷ್ಟೇ ಕಣ್ರೀ. ನಾಲ್ಕು ದಿನದಿಂದ ನೀರೂ ಇಳಿಯದೆ ರಕ್ತ ಹಾಗಾಗಿತ್ತು. ಮೂತ್ರಪಿಂಡದ ಜೊತೆ ಅವನು ಇನ್ನೊಂದು ವರ್ಷವಾದರೂ ಇರುತ್ತಿದ್ದ, ನಿಮ್ಮ ಕುರ್ಚಿಯ ಪಕ್ಕದಲ್ಲೇ. ನಾನು ಆ ಚೂರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ನೀವು ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ನೀನು ಸರಿಯಾದದ್ದನ್ನೇ ಮಾಡಿದೆ ಎಂದಿರಿ.

ಆವತ್ತಿನಿಂದ ನಿಮ್ಮ ಮುಖ ನೋಡುವುದು ನನ್ನಿಂದ ಆಗಲಿಲ್ಲ. ಯಾರು ಬಂದರೂ ನೀವು ಆ ಕಥೆ ಹೇಳುತ್ತಿದ್ದಿರಿ, ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಹೇಳಿಬಿಡೋಣವೆಂದು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ನೀವು ಬೈಯುತ್ತೀರಿ ಎಂಬ ಭಯವಲ್ಲ. ಕ್ಷಮಿಸಿಬಿಡುತ್ತೀರಿ, ಅದಕ್ಕೂ ಒಂದು ಉಪಶೀರ್ಷಿಕೆ ಕೊಡುತ್ತೀರಿ ಎಂಬ ಭಯ. ವರ್ಷ ತುಂಬುವುದರೊಳಗೆ ಚಿಕಿತ್ಸಾಲಯದ ಮೇಲಿನ ಕೋಣೆಗೆ ಬಂದುಬಿಟ್ಟೆ. ನಿಮ್ಮ ಮಾತಿನಿಂದ ಬೇಸತ್ತು ಹೋದಳೆಂದು ನೀವು ಎಲ್ಲರಿಗೂ ಹೇಳಿಕೊಂಡಿರಿ. ಅದು ಸುಳ್ಳು, ಮೇಷ್ಟ್ರೇ. ನಿಮ್ಮ ಮಾತು ನನಗೆ ಇವತ್ತಿಗೂ ಬೇಕು.

ಹಾಗಾಗಿ ದೊರೆಯ ಉದಾಹರಣೆಯನ್ನು ಇನ್ನು ಕೊಡಬೇಡಿ, ಕೊಡುವುದಾದರೆ ಪೂರ್ತಿ ಕೊಡಿ. ನಾಲ್ಕು ಸಿದ್ಧಾಂತವೂ ಅವನ ವಿಷಯದಲ್ಲಿ ಹೂಂ ಎಂದವು. ಒಂದಕ್ಕೂ ಅವನ ಬಾಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಅದು ಅವುಗಳ ತಪ್ಪಲ್ಲ, ನೋಡಬೇಕಾದವಳು ನಾನು.

ನಿಮ್ಮನ್ನೂ ಯಾರಾದರೂ ಸರಿಯಾಗಿ ನೋಡಿದ್ದಾರೆಯೇ? ಈ ಕುತೂಹಲದಿಂದಲೇ ನಿಮ್ಮ ಪತ್ರವನ್ನು ರೋಗಿಯನ್ನು ನೋಡಿದ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದೆ. ಘನತೆ, ಸ್ವಾತಂತ್ರ್ಯ, ಹೊರೆ ಎಂಬ ದೊಡ್ಡ ದೊಡ್ಡ ಮಾತುಗಳೆಲ್ಲ ದಪ್ಪ ಅಕ್ಷರದಲ್ಲಿವೆ. ನಿಜವಾದ ದೂರು ಸಿಕ್ಕಿದ್ದು ಆರನೇ ಅಡಿಟಿಪ್ಪಣಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಮಲಗಿದರೆ ಜೊಲ್ಲು ಗಂಟಲಿಗಿಳಿದು ಉಸಿರು ಕಟ್ಟುತ್ತದೆ, ಒಂದು ದಿನ ಹಾಗೇ ಮುಳುಗಿ ಸಾಯುತ್ತೇನೆಂದು ಹೆದರಿಕೆ ಎಂದು. ಇದನ್ನು ಡಾಕ್ಟರಿಗೆ ಹೇಳಿದ್ದೀರಾ? ಇಲ್ಲ. ಅವರು ಬಂದಾಗ ನೀವು ಸ್ವಾತಂತ್ರ್ಯದ ಮೇಲೆ ಭಾಷಣ ಬಿಗಿದಿರುತ್ತೀರಿ. ಆ ನೋವು ಶಮನದ ವೈದ್ಯೆಯನ್ನು ನಾನು ಕೇಳಿದೆ. ಜೊಲ್ಲು ಕಡಿಮೆ ಮಾಡೋಕೆ ಔಷಧಿ ಇದೆ, ಮಲಗೋ ರೀತಿ ಬದಲಾಯಿಸಬಹುದು, ಉಸಿರಿನ ಹೆದರಿಕೆಗೂ ಬೇರೆ ಔಷಧಿ ಇದೆ, ಇಷ್ಟು ದಿನ ಯಾಕಮ್ಮ ಸುಮ್ನಿದ್ರು ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ತಿರುಗಿಸಿದರೆ ಹೊರಬರುವ ಮೂಳೆ ಇದಲ್ಲ ಎಂದು ನನಗೆ ಗೊತ್ತು. ಜೊಲ್ಲು ನಿಂತರೂ ಕಾಯಿಲೆ ನಿಲ್ಲುವುದಿಲ್ಲ. ಎಲ್ಲ ಮಾಡಿ ನೋಡಿದ ಮೇಲೂ ನೀವು ಇದೇ ಪ್ರಶ್ನೆಯನ್ನು ಕೇಳಬಹುದು, ಆಗ ನಿಮ್ಮ ಪ್ರಶ್ನೆ ತಪ್ಪು ಎಂದು ಹೇಳುವ ಎದೆಗಾರಿಕೆ ನನಗಿಲ್ಲ. ಹಾಗೆ ಕೇಳುವವರೆಲ್ಲ ಹೇಡಿಗಳು, ಕೊಡುವವರೆಲ್ಲ ಪಾಪಿಗಳು ಎಂದು ಈ ಪುಸ್ತಕಗಳನ್ನು ಓದಿದ ಮೇಲೆ ಹೇಳಲಾರೆ. ಹೇಳುವುದು ಇಷ್ಟೇ: ನನ್ನ ಕೈಯಿಂದ ಆಗುವುದಿಲ್ಲ. ಕಾನೂನಿಗೆ ಹೆದರಿ ಅಲ್ಲ, ಹೆದರಿಕೆ ಅದಕ್ಕೂ ಇದೆ. ಒಮ್ಮೆ ನೋಡದೆ ಸರಿಯಾದದ್ದನ್ನು ಮಾಡಿದ ಕೈ ಇದು. ಮತ್ತೆ ನಾನು ನಿಮ್ಮ ಹತ್ತಿರ ಬಂದರೆ ಟಾರ್ಚು ಹಿಡಿದುಕೊಂಡೇ ಬರುವವಳು.

ಶನಿವಾರ ಬೆಳಿಗ್ಗೆ ಬರುತ್ತೇನೆ, ಆ ವೈದ್ಯೆಯನ್ನೂ ಕರೆತರುತ್ತೇನೆ. ಭಾಷಣ ಬೇಡ, ಆರನೇ ಅಡಿಟಿಪ್ಪಣಿಯನ್ನು ಮಾತ್ರ ಬಾಯಿಬಿಟ್ಟು ಹೇಳಿ. ನಳಿಗೆ ಬೇಡ, ಯಂತ್ರ ಬೇಡ ಎಂದರೆ ಅದನ್ನು ಕಾಗದದ ಮೇಲೆ ಬರೆಸೋಣ, ಮಗಳ ಎದುರೇ ಬರೆಸೋಣ, ಯಾರು ಅಡ್ಡ ಬಂದರೂ ನಾನು ನಿಮ್ಮ ಪರವಾಗಿ ಜಗಳ ಕಾಯುತ್ತೇನೆ. ಪೆಟ್ಟಿಗೆ ತರುತ್ತಿದ್ದೇನೆ. ದೊಡ್ಡ ಕಿಟಕಿಯ ಕೋಣೆಯಲ್ಲಿರುವ ನಿಮ್ಮ ಹಳೇ ಪತ್ರಿಕೆಗಳನ್ನು ಖಾಲಿ ಮಾಡಿಸಿ, ನನಗೆ ಜಾಗ ಬೇಕು. ಚಪ್ಪಲಿ ಕಡಿಯುವವನೂ ಜೊತೆಗೆ ಬರುತ್ತಾನೆ. ಬೇಡವೆಂದರೆ ನಿಮ್ಮ ಸ್ವಾತಂತ್ರ್ಯವನ್ನು ಗೌರವಿಸಿ ಬಾಗಿಲಲ್ಲೇ ಕೂರುತ್ತೇನೆ.

ದೊರೆಯ ವಿಷಯದಲ್ಲಿ ಕ್ಷಮಿಸುವುದಾದರೆ ಒಂದೇ ವಾಕ್ಯದಲ್ಲಿ ಕ್ಷಮಿಸಿ.

ಕಾಗದಪತ್ರದಲ್ಲಿ ಇವತ್ತಿಗೂ ನಿಮ್ಮ ಹೆಂಡತಿಯಾಗಿರುವ
ಡಾಕ್ಟ್ರಮ್ಮ

ತಾ. ಕ.: ಪತ್ರ ಬಂದಂದಿನಿಂದ ಓದುತ್ತಲೇ ಇದ್ದೇನೆ ಎಂದು ಬರೆದದ್ದು ಸುಳ್ಳು. ಓದಲು ಶುರು ಮಾಡಿದ್ದು ಸೋಮವಾರ. ಭಾನುವಾರ ಬೆಳಿಗ್ಗೆ ನಾನು ನಿಮ್ಮ ಮನೆಗೆ ಬಂದಿದ್ದೆ. ಚೀಲದಲ್ಲಿ ನೀವು ಕೇಳಿದ್ದು ಇತ್ತು. ಒಂದು ಪುಸ್ತಕವನ್ನೂ ನೋಡದೆ, ಯಾರನ್ನೂ ಕೇಳದೆ, ನಿಮ್ಮ ಹೊಗಳಿಕೆಯ ಪುಟವನ್ನು ಮೂರು ಸಲ ಓದಿ ಒಪ್ಪಿಕೊಂಡೇ ಬಂದಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಆರೈಕೆಯವಳು ಯಾವುದೋ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದಳು. ಸಾಕು ಸಾರ್ ಇವತ್ತಿಗೆ, ಗಂಟಲು ಒಣಗಿತು ಅಂದಳು. ನೀವು, ಇನ್ನೊಂದೇ ಪುಟ ತಾಯೀ, ಆ ಕೋಟು ಯಾರದ್ದು ಅಂತ ಗೊತ್ತಾಗಿಬಿಡಲಿ, ಇನ್ನೊಂದೇ ಪುಟ ಎಂದು ಗೋಗರೆದಿರಿ. ಅವಳು ಐದು ಪುಟ ಓದಿದಳು. ನಾನು ಮೆಟ್ಟಿಲ ಮೇಲೆ ಚೀಲ ಹಿಡಿದುಕೊಂಡು ಐದೂ ಪುಟ ಕೇಳಿ, ಸದ್ದಾಗದ ಹಾಗೆ ಇಳಿದು ಹೋದೆ. ಕೋಟು ತಮ್ಮನದ್ದು ಎಂದು ನೀವು ವಾದಿಸುತ್ತಿದ್ದಿರಿ, ನನಗೆ ಹಾಗನ್ನಿಸುವುದಿಲ್ಲ. ಶನಿವಾರದೊಳಗೆ ಆ ಪುಸ್ತಕ ಮುಗಿಸಬೇಡಿ.